ಗೆರೆ ಬಿಟ್ಟ ಚುಕ್ಕಿ

ಡಾಕ್ಟರ್ ಬದರಿನಾಥರ ಮನೆಯ ಡ್ರೈವ್‌ವೇ ಇಷ್ಟು ಏರಾಗಿದೆಯೆಂದು ಗುರುದತ್ತನಿಗೆ ಹಿಂದಿನ ಯಾವ ಯುಗಾದಿಗೂ ಅನಿಸಿರಲಿಲ್ಲ. ಯುಗಾದಿ ಎಂದರೆ ಯುಗಾದಿಯ ನಂತರ ಬರುವ ಶನಿವಾರ. ಪಂಚಾಂಗ ಏನೇ ಹೇಳಲಿ, ಅಮೆರಿಕದ ಏಪೆಕ್ಸ್ ಊರಿನಲ್ಲಿ ಹೊಸ ವರ್ಷ ಹುಟ್ಟುವುದು ಆಫೀಸಿಗೆ ರಜೆಯಿದ್ದಾಗಲೇ. ಪುಳಿಯೋಗರೆಯ ಹಾಟ್‌ಕೇಸನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಏರು ಹತ್ತುವಷ್ಟರಲ್ಲಿ ಅವನ ಎದೆಯ ನಡುವೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಯಿತು. ನೋವು ಎಂದು ಕರೆದರೆ ಅದಕ್ಕೆ ಮರ್ಯಾದೆ ಕೊಟ್ಟಂತಾಗುತ್ತದೆಂದು ಅವನು ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ನಿಂತ. ನಿಂತದ್ದಕ್ಕೆ ಒಂದು ಕಾರಣ ಬೇಕಲ್ಲ, ಪಕ್ಕದಲ್ಲಿ ಎಲೆ ಮೂಡುವ ಮೊದಲೇ ಮೈತುಂಬ ಹೂ ಬಿಟ್ಟಿದ್ದ ರೆಡ್‌ಬಡ್ ಮರವನ್ನು ದಿಟ್ಟಿಸಿ ನೋಡತೊಡಗಿದ. ಮುಂದೆ ಹೋಗುತ್ತಿದ್ದ ಹೆಂಡತಿ ಚಿತ್ರಾ ಸೀರೆಯ ನೆರಿಗೆ ಎತ್ತಿಕೊಂಡೇ ತಿರುಗಿ, "ಏನ್ರೀ, ನಿಂತ್‌ಬಿಟ್ರಿ?" ಎಂದಳು. "ಹೂವು ನೋಡ್ತಿದೀನಿ," ಎಂದ. ಚಿತ್ರಾ ಅನುಮಾನದಿಂದ ಅವನನ್ನೂ ಮರವನ್ನೂ ನೋಡಿದಳು. ಮದುವೆಯಾದಂದಿನಿಂದ ಈ ಮನುಷ್ಯ ಹೂಕೋಸು ಬಿಟ್ಟು ಬೇರೆ ಹೂವನ್ನು ಗಮನಿಸಿದ್ದನ್ನು ಅವಳು ಕಂಡಿರಲಿಲ್ಲ. "ಪಾಲೆನ್ ಕಣೇ, ಉಸಿರು ಕಟ್ಟುತ್ತೆ," ಎಂದು ಅವನು ಎರಡನೆಯ ಕಾರಣವನ್ನೂ ಸೇರಿಸಿದ. ಅದು ನಂಬುವಂತಿತ್ತು. ಪೈನ್ ಮರಗಳು ಉದುರಿಸಿದ ಹಳದಿ ಪರಾಗದ ಪುಡಿ ಬೀದಿಯಲ್ಲಿದ್ದ ಕಾರುಗಳ ಮೇಲೆಲ್ಲ ಅರಿಸಿನ ಚೆಲ್ಲಿದಂತೆ ಕೂತಿತ್ತು; ಈ ದಿನಗಳಲ್ಲಿ ಊರಿಗೆ ಊರೇ ಕೆಮ್ಮುತ್ತದೆ, ಯಾರೂ ಯಾರನ್ನೂ ಏಕೆಂದು ಕೇಳುವುದಿಲ್ಲ.

ಹಾಗೆ ನೋಡಿದರೆ ಗುರುದತ್ತನ ಕೆಲಸವೇ ಹೃದಯದ್ದು. ಆದರೆ ಅವನು ಹೃದಯವನ್ನು ಮುಟ್ಟಿದವನಲ್ಲ. ರಕ್ತ ಕಂಡರೆ ತಲೆ ತಿರುಗುವವನು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿಯಲ್ಲಿ ಕೂತು, ಮನುಷ್ಯನ ರಕ್ತನಾಳದಲ್ಲಿ ಕೊಬ್ಬು ಎಲ್ಲಿ ಎಷ್ಟು ಕಟ್ಟಿಕೊಂಡೀತೆಂದು ಮೊದಲೇ ಹೇಳುವ ಗಣಿತದ ಮಾಡೆಲ್ ಒಂದನ್ನು ವರ್ಷಗಟ್ಟಲೆಯಿಂದ ಕಟ್ಟುತ್ತಿದ್ದ. ನಾಳ ಕವಲೊಡೆಯುವ ಕಡೆ ರಕ್ತ ಸುಳಿ ಸುತ್ತುತ್ತದೆ. ಸುಳಿಯಿದ್ದಲ್ಲಿ ಗೋಡೆ ಸಡಿಲ. ಸಡಿಲವಾದಲ್ಲಿ ಕೊಬ್ಬು ಒಳನುಗ್ಗುತ್ತದೆ. ಅದನ್ನು ತಿಂದು ಚೊಕ್ಕ ಮಾಡಲೆಂದು ಬಿಳಿ ರಕ್ತಕಣಗಳು ಬರುತ್ತವೆ. ಬಂದವು ತಿಂದು ತಿಂದು ಏಳಲಾರದೆ ಅಲ್ಲೇ ಒರಗಿ, ಸತ್ತು, ತಾವೇ ಕೊಬ್ಬಿನ ದಿಬ್ಬವಾಗುತ್ತವೆ. ಸೆಮಿನಾರುಗಳಲ್ಲಿ ಇದನ್ನು ವಿವರಿಸುವಾಗ ಹಬ್ಬದೂಟದ ಪಂಕ್ತಿಯ ಹೋಲಿಕೆ ನಾಲಿಗೆಯ ತುದಿಗೆ ಬರುತ್ತಿತ್ತು, ಎದುರು ಕೂತ ಅಮೆರಿಕನ್ನರಿಗೆ ತಿಳಿಯದೆಂದು ನುಂಗಿಕೊಳ್ಳುತ್ತಿದ್ದ. ಒಬ್ಬ ಮನುಷ್ಯನ ನಾಳದ ಆಕಾರ, ರಕ್ತದ ರಿಪೋರ್ಟು, ಊಟ, ಓಡಾಟ, ವಂಶದ ಕಾಯಿಲೆ ಇಷ್ಟನ್ನು ತುಂಬಿದರೆ ಮಾಡೆಲ್ ಒಂದು ಸಂಖ್ಯೆ ಕೊಡುತ್ತದೆ, ನಾಳ ಇಷ್ಟು ಮುಚ್ಚಿರಬೇಕು ಎಂದು. ಸ್ಕ್ಯಾನಿನಲ್ಲಿ ನಿಜವಾಗಿ ಎಷ್ಟು ಮುಚ್ಚಿದೆ ನೋಡಿ, ಎರಡೂ ಹೊಂದಿದರೆ ಆ ಮನುಷ್ಯನ ಚುಕ್ಕಿ ಗೆರೆಯ ಮೇಲೆ ಕೂರುತ್ತದೆ. ಕಂಪನಿಯವರೂ ಬೇಕಾದರೆ ಹೆಸರಿಲ್ಲದೆ ಬರೀ ನಂಬರಾಗಿ ಇದಕ್ಕೆ ಸೇರಬಹುದೆಂದು ಸುತ್ತೋಲೆ ಬಂದಾಗ, ಮುಂದೆ ನಿಂತವನೇ ಹಿಂದೆ ಸರಿದರೆ ಚೆನ್ನಾಗಿರುವುದಿಲ್ಲವೆಂದು ಅವನೂ ಹೋಗಿ ಸ್ಕ್ಯಾನಿನ ಕೊಳವೆಯೊಳಗೆ ಮಲಗಿ ಬಂದಿದ್ದ. ಆಮೇಲೆ ಇಂಪಾದ ದನಿಯ ಹುಡುಗಿಯೊಬ್ಬಳು ಫೋನ್ ಮಾಡಿ ಪ್ರಶ್ನೆಗಳನ್ನು ಕೇಳಿದಳು. ಪ್ರಶ್ನೆ ಎಂದರೆ ಗುರುದತ್ತ ಚಿಕ್ಕಂದಿನಿಂದಲೂ ಫಸ್ಟ್ ಕ್ಲಾಸಿನಲ್ಲಿ ಉತ್ತರಿಸಿದವನು. ಆಕೆ ಪ್ರತಿಯೊಂದಕ್ಕೂ "ಗ್ರೇಟ್" ಎನ್ನುತ್ತ ಹೋದಳು, ಅವನೂ ಇನ್ನಷ್ಟು ಗ್ರೇಟ್ ಆಗುತ್ತ ಹೋದ.

ಗುರುವಾರದ ಮೀಟಿಂಗಿನಲ್ಲಿ ಜ್ಯೋತ್ಸ್ನಾ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ್ದು ಈಗ ಈ ಏರಿನ ಮೇಲೆ, ರೆಡ್‌ಬಡ್ ಹೂಗಳ ನಡುವೆಯೇ ಕಾಣುತ್ತಿತ್ತು. ಮೈಸೂರಿನ ಹುಡುಗಿ, ಪಿಎಚ್‌ಡಿ ಮುಗಿಸಿ ಅವನ ಕೈಕೆಳಗೆ ಸಂಶೋಧನೆಗೆ ಸೇರಿದ ಪೋಸ್ಟ್‌ಡಾಕ್, ಒಂದು ಚುಕ್ಕಿ ಆಚೀಚೆಯಾದರೂ ನಿದ್ದೆ ಮಾಡದವಳು. ಚುಕ್ಕಿಗಳೆಲ್ಲ ಗೆರೆಯ ಮೇಲೆ ಅಚ್ಚುಕಟ್ಟಾಗಿ ಕೂತಿದ್ದವು, ಒಂದು ಮಾತ್ರ ಮನೆಯವರೊಡನೆ ಮುನಿಸಿಕೊಂಡು ಹೋದಂತೆ ದೂರ ಮೇಲೆ ನಿಂತಿತ್ತು. "ಸರ್, ಈ ಸಬ್ಜೆಕ್ಟ್ ನೋಡಿ. ವೆಜಿಟೇರಿಯನ್, ಸ್ಮೋಕ್ ಮಾಡಲ್ಲ, ಸಿಕ್ಕಾಪಟ್ಟೆ ವಾಕ್ ಮಾಡ್ತಾರೆ, ಫ್ಯಾಮಿಲಿ ಹಿಸ್ಟರಿ ಏನೂ ಇಲ್ಲ. ಮಾಡೆಲ್ ಪ್ರಕಾರ ಆರ್ಟರಿ ಕ್ಲೀನ್ ಇರ್ಬೇಕು. ಸ್ಕ್ಯಾನಲ್ಲಿ ನೋಡಿದ್ರೆ ಎಡಗಡೇದು ಮುಕ್ಕಾಲು ಮುಚ್ಚಿದೆ." ಗುರುದತ್ತನಿಗೆ ನಂಬರು ನೋಡಬೇಕಾಗಲೇ ಇಲ್ಲ. "ಔಟ್‌ಲೈಯರ್ ಅದು, ತೆಗೆದ್‌ಬಿಡು," ಎಂದ. "ಕಾರಣ ಏನಂತ ಹಾಕ್ಲಿ ಸರ್?" "ಹಾರ್ಟ್ ಜಾಸ್ತಿ ಹೊಡ್ಕೊಂಡಿರುತ್ತೆ, ಇಮೇಜ್ ಬ್ಲರ್ ಆಗಿದೆ ಅಂತ ಹಾಕು." "ಬ್ಲರ್ ಆಗಿಲ್ಲ ಸರ್." "ಸ್ವಲ್ಪ ಆಗಿದೆ ನೋಡು." ಜ್ಯೋತ್ಸ್ನಾ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು, ಬ್ಲರ್ ಕಾಣದ್ದಕ್ಕೆ ತನ್ನ ಕನ್ನಡಕವನ್ನೇ ತೆಗೆದು ಒರೆಸಿಕೊಂಡಳು, ಕೊನೆಗೆ ಹಿರಿಯರ ಮಾತಿಗೆ ತಲೆಯಾಡಿಸಿದಳು. ಹೀಗೆ ಗುರುದತ್ತ ತನ್ನ ಕೈಯಾರೆ ತನ್ನನ್ನು ಮಾನವಕುಲದ ಲೆಕ್ಕದಿಂದ ತೆಗೆಸಿದ. ಅದಕ್ಕೂ ಮೊದಲೇ ಸ್ಕ್ಯಾನಿನ ಕಡೆಯ ನರ್ಸ್ ಫೋನ್ ಮಾಡಿ, ಬೇಗ ಹೃದಯದ ಡಾಕ್ಟರನ್ನು ನೋಡಿ, ತಡ ಮಾಡಬೇಡಿ ಎಂದಿದ್ದಳು. ಇವನು, ನಾನೂ ಇದೇ ಫೀಲ್ಡಿನವನು ಎಂದು ಹೇಳಿ ಇಟ್ಟುಬಿಟ್ಟಿದ್ದ. ಅವನ ತರ್ಕ ಸರಳವಾಗಿತ್ತು: ಸ್ಕ್ಯಾನು ಸರಿಯಾದರೆ ಮಾಡೆಲ್ ತಪ್ಪು, ಮಾಡೆಲ್ ಸರಿಯಾದರೆ ಸ್ಕ್ಯಾನು ತಪ್ಪು. ಮಾಡೆಲ್ ತಪ್ಪಾದರೆ ಇಷ್ಟು ವರ್ಷದ ಕೆಲಸ ನೀರಲ್ಲಿ ಹೋಮ, ಸೋಮವಾರ ಜರ್ನಲ್ಲಿಗೆ ಕಳಿಸಬೇಕಾದ ಪೇಪರು ಗೋತಾ. ಆದ್ದರಿಂದ ಸ್ಕ್ಯಾನೇ ತಪ್ಪು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇಲ್ಲಿ ವೈದ್ಯನನ್ನು ಅವನೇ ಪ್ರೋಗ್ರಾಮ್ ಮಾಡಿದ್ದರಿಂದ ಇನ್ನೂ ಅನುಕೂಲ. ಚಿತ್ರಾಗೆ ಹೇಳಲಿಲ್ಲ. ತಪ್ಪು ಸ್ಕ್ಯಾನಿನ ವಿಷಯ ಹೆಂಡತಿಗೆ ಹೇಳಿ ಸುಮ್ಮನೆ ಗಾಬರಿಪಡಿಸುವುದು ಏಕೆಂದು ತನಗೆ ತಾನೇ ಹೇಳಿಕೊಂಡ. ಆದರೂ ಅವಳು ಮಲಗಿದ ಮೇಲೆ ಅವಳ ಬೆನ್ನನ್ನು ನೋಡುತ್ತ ಇರುವಾಗ ತಾನೊಬ್ಬ ಕಳ್ಳ ಅನಿಸುತ್ತಿತ್ತು.

ಬಾಗಿಲ ಮುಂದೆ ವಸಂತಾ ಆಂಟಿ ಎಳೆದಿದ್ದ ರಂಗೋಲಿಯ ಮೇಲೂ ಹಳದಿ ಪುಡಿ ಕೂತಿತ್ತು. ಒಳಗೆ ಬೇವು ಬೆಲ್ಲ. ಬೇವಿನ ಗಿಡವನ್ನು ಆಕೆ ಚಳಿಗಾಲವಿಡೀ ಗರಾಜಿನಲ್ಲಿ ಹೀಟರ್ ಹಚ್ಚಿ, ಕೂಸಿನಂತೆ ಸಾಕಿ ವರ್ಷಕ್ಕೊಮ್ಮೆ ನಾಲ್ಕು ಎಲೆ ಕೀಳುತ್ತಾರೆ. ಬದರಿನಾಥರು ಎಂಬತ್ತರ ಗಡಿಯಲ್ಲಿದ್ದರು. ಎಷ್ಟೋ ದಶಕಗಳ ಹಿಂದೆ ಬಂದು ಈ ಸೀಮೆಯ ಅರ್ಧ ಜನರ ಎದೆಗೆ ಕಿವಿಯಿಟ್ಟು ಕೇಳಿ ನಿವೃತ್ತರಾದ ಹೃದಯದ ಡಾಕ್ಟರು. ಅವರ ಮನೆಯಲ್ಲೇ ತುಪ್ಪ ಹೀಗೆ ಹರಿಯುತ್ತದಲ್ಲ ಎಂದು ಯಾರಾದರೂ ಕೇಳಿದರೆ, ಹಬ್ಬದ ದಿನ ನಾನು ಡಾಕ್ಟರ್ ಅಲ್ಲ ಎನ್ನುತ್ತಾರೆ. ಸುತ್ತ ಗಾಜಿನ ಕಿಟಕಿಗಳ ಸನ್‌ರೂಮಿನಲ್ಲಿ ನೆಲದ ಮೇಲೆ ಎದುರುಬದುರಾಗಿ ಎರಡು ಸಾಲು ಬಾಳೆಲೆ. ಗುರುದತ್ತನ ಪಕ್ಕ ಬದರಿನಾಥರು, ಅವರ ಆಚೆ ಜ್ಯೋತ್ಸ್ನಾ, ಎದುರು ಸಾಲಿನಲ್ಲಿ ಚಿತ್ರಾ. ವಸಂತಾ ಆಂಟಿ ಸೆರಗು ಸಿಕ್ಕಿಸಿ ತುಪ್ಪದ ಗಿಂಡಿ ಹಿಡಿದು ಬಂದರು. ಗುರುದತ್ತನ ಮಾಡೆಲ್‌ನಲ್ಲಿ ಒಬ್ಬ ಮನುಷ್ಯ ಎಷ್ಟು ತಿನ್ನಬೇಕೆಂಬುದನ್ನು ಆ ಮನುಷ್ಯನೇ ತೀರ್ಮಾನಿಸುತ್ತಾನೆಂದು ನಂಬಲಾಗಿತ್ತು. ಉಪಚಾರ ಎಂಬುದಕ್ಕೆ ಯಾವ ಅಕ್ಷರವೂ ಸಂಖ್ಯೆಯೂ ಅದರಲ್ಲಿರಲಿಲ್ಲ. "ಬೇಡ ಆಂಟಿ," ಎಂದ. ಮೊದಲ ಬೇಡ ಬರೀ ಮರ್ಯಾದೆಯದು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. "ಸಾಕು ಆಂಟಿ, ನಿಜವಾಗ್ಲೂ," ಎಂದ, ಅದು ಸಂಕೋಚದ್ದು. ಎಲೆಗೆ ಎರಡೂ ಕೈ ಅಡ್ಡ ಹಿಡಿದ. ಆ ಬೇಡವನ್ನು ನಂಬಬೇಕಾದರೆ ಒಂದು ಕಾರಣ ಬೇಕು, ಶುಗರ್ ಎನ್ನಬೇಕು, ವ್ರತ ಎನ್ನಬೇಕು. ಎದೆ ಎಂದರೆ ಸಂಜೆಯೊಳಗೆ ಕ್ಯಾರಿಯಿಂದ ಮಾರಿಸ್‌ವಿಲ್‌ವರೆಗೆ ಎಲ್ಲ ಮನೆಗಳಲ್ಲೂ ಅವನ ಎದೆಯದೇ ಮಾತು. "ತಗೊಳಪ್ಪ ಗುರು, ಮನೇಲಿ ಕಾಯ್ಸಿದ್ದು, ಇದ್ರಿಂದ ಏನೂ ಆಗಲ್ಲ," ಎನ್ನುತ್ತ ವಸಂತಾ ಆಂಟಿ ಬೆರಳ ಸಂದಿ ನೋಡಿ ಧಾರೆ ಬಿಟ್ಟರು. ಬೆರಳು ಬಿಸಿಯಾಯಿತು, ಒಬ್ಬಟ್ಟು ಮಿಂದಿತು. ಮುಂದಿನ ಸುತ್ತಿಗೆ ಮೈಸೂರು ಪಾಕು ಬರುವುದು ಅಡುಗೆಮನೆಯ ಬಾಗಿಲಲ್ಲೇ ಕಾಣುತ್ತಿತ್ತು.

ಅಪ್ಪನಿಗೂ ಹೀಗೇ ಕೈ ಅಡ್ಡ ಹಿಡಿಯುವ ಅಭ್ಯಾಸವಿತ್ತು, ಬೆರಳುಗಳ ನಡುವೆ ಧಾರಾಳ ಜಾಗ ಬಿಟ್ಟು. ತುಮಕೂರಿನ ಛತ್ರದಲ್ಲಿ ಅತ್ತೆಯ ಮಗಳ ಮದುವೆ, ಹೋಳಿಗೆ, ಬೀಗರ ಕಡೆಯವರ ಬಲವಂತ. ಕೈ ತೊಳೆದು ಬಂದ ಅಪ್ಪ ಎದೆಯ ನಡುವೆ ಮುಷ್ಟಿಯಿಂದ ಗುದ್ದಿಕೊಂಡು, "ಗ್ಯಾಸು ಕಣೋ, ಒಂದು ಸೋಡಾ ತಗೊಂಡ್ ಬಾ," ಎಂದಿದ್ದ. ಗುರುದತ್ತ ಸೋಡಾ ತರುವಷ್ಟರಲ್ಲಿ ಜಮಖಾನದ ಮೇಲೆ ಮಲಗಿದ್ದ ಅಪ್ಪ ಏಳಲಿಲ್ಲ. ಆ ಸೋಡಾ ಬಾಟಲಿಯನ್ನು ಏನು ಮಾಡಬೇಕೆಂದು ತಿಳಿಯದೆ ಅಷ್ಟು ಜನರ ಅಳುವಿನ ನಡುವೆ ಅವನೇ ಕುಡಿದುಬಿಟ್ಟಿದ್ದು ಯಾರಿಗೂ ಗೊತ್ತಿಲ್ಲ. ತಾತ ಹೋದದ್ದೂ ಗ್ಯಾಸಿನಿಂದಲೇ. ಚಿಕ್ಕಪ್ಪನೂ ಬಸ್ಸಿನಲ್ಲಿ ಗ್ಯಾಸು ತುಂಬಿಕೊಂಡೇ ಹೋದ. ಅವರ ವಂಶದಲ್ಲಿ ಹೃದಯ ಎನ್ನುವ ಮಾತನ್ನೇ ಯಾರೂ ಎತ್ತಿದವರಲ್ಲ. ಹಾಗಾಗಿ ಫೋನಿನ ಹುಡುಗಿ, ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತೇ ಎಂದು ಕೇಳಿದಾಗ ಅವನು ಕ್ಷಣವೂ ಯೋಚಿಸದೆ, ಇಲ್ಲ ಎಂದಿದ್ದ. ಅದೊಂದು ಉತ್ತರವನ್ನು ಅವನು ಪ್ರಾಮಾಣಿಕವಾಗಿಯೇ ಕೊಟ್ಟಿದ್ದ.

"ಏನಮ್ಮ, ನಿಮ್ಮ ಗಣಿತ ಎಲ್ಲೀತನಕ ಬಂತು?" ಎಂದು ಬದರಿನಾಥರು ಸಾರಿಗೆ ಅನ್ನ ಕಲಸುತ್ತ ಜ್ಯೋತ್ಸ್ನಾಳನ್ನು ಕೇಳಿದರು. ಅವಳಿಗೆ ಅಷ್ಟು ಸಾಕಾಗಿತ್ತು. "ಚೆನ್ನಾಗ್ ಫಿಟ್ ಆಗ್ತಿದೆ ಅಂಕಲ್. ಒಬ್ರು ಮಾತ್ರ ಕೂರ್ತಾನೇ ಇಲ್ಲ. ಔಟ್‌ಲೈಯರ್ ಅಂತ ತೆಗ್ದಿದೀವಿ, ನಂಗ್ಯಾಕೋ ಸಮಾಧಾನ ಇಲ್ಲ." ಬದರಿನಾಥರು ಕೈ ನಿಲ್ಲಿಸಿದರು. "ಔಟ್‌ಲೈಯರ್ ಅಂದ್ರೆ?" "ಯಾವುದಕ್ಕೂ ಹೊಂದಲ್ಲ ಅಂಕಲ್, ಯಾಕೆ ಹೀಗಾಯ್ತು ಅಂತ ಗೊತ್ತಾಗಲ್ಲ." "ಓಹೋ. ನಮ್ಮ ಕಾಲದಲ್ಲಿ ಅದನ್ನ ಪೇಷಂಟ್ ಅಂತಿದ್ವಿ." ಗುರುದತ್ತನಿಗೆ ಅನ್ನ ನೆತ್ತಿಗೇರಿತು. "ಪಾಲೆನ್ನು," ಎಂದು ಕೆಮ್ಮುತ್ತಲೇ ಹೇಳಿದ; ಕಿಟಕಿಗಳೆಲ್ಲ ಮುಚ್ಚಿದ್ದವು. ಜ್ಯೋತ್ಸ್ನಾ ನೀರು ಕೊಟ್ಟು ಮುಂದುವರಿಸಿದಳು. "ಹೆಸರು ನಂಗೂ ಗೊತ್ತಿಲ್ಲ, ಬರೀ ನಂಬರ್. ಹಾರ್ಟ್ ಆರ್ಟರಿ ಅಷ್ಟೊಂದು ಮುಚ್ಚಿದೆ. ಆದ್ರೆ ಎಷ್ಟ್ ಒಳ್ಳೇ ಲೈಫ್ ಅಂಕಲ್ ಅವರ್ದು. ದಿನಾ ನಾಲ್ಕ್ ಮೈಲಿ ನಡೀತಾರೆ. ತುಪ್ಪ ಮುಟ್ಟಲ್ಲ. ಮನಸ್ಸಿಗೆ ಯಾವ ಟೆನ್ಷನ್ನೂ ಇಲ್ಲ. ಸಂಜೆ ಹಸಿವಾದ್ರೆ ಬಾದಾಮಿ ತಿಂತಾರಂತೆ, ಅದೂ ನೆನೆಸಿ." ಎದುರು ಸಾಲಿನಲ್ಲಿ ಕೋಸಂಬರಿ ಬಾಯಿಗಿಡುತ್ತಿದ್ದ ಚಿತ್ರಾಳ ಕೈ ಅಲ್ಲೇ ನಿಂತಿತು. "ಸಿಪ್ಪೆ ತೆಗ್ದು?" ಎಂದಳು. "ಹೌದು ಆಂಟಿ, ಸಿಪ್ಪೆ ತೆಗ್ದು ಅಂತಾನೇ ಹೇಳಿದಾರೆ. ನಿಮಗೆ ಹೇಗ್ ಗೊತ್ತಾಯ್ತು?"

ಗಂಡನ ನಿಜ ಲೋಕಕ್ಕೆಲ್ಲ ಗೊತ್ತಿರಬಹುದು, ಅವನ ಸುಳ್ಳಿನ ಗುರುತು ಹತ್ತುವುದು ಹೆಂಡತಿಗೆ ಮಾತ್ರ. ಇನ್ಶೂರೆನ್ಸಿನವನಿಗೆ, ವರ್ಷಕ್ಕೊಮ್ಮೆ ಚೆಕಪ್ ಮಾಡುವ ಡಾಕ್ಟರಿಗೆ, ವೀಡಿಯೊ ಕಾಲಿನಲ್ಲಿ ತನ್ನ ಅಕ್ಕನಿಗೆ, ಎಲ್ಲರಿಗೂ ಗುರುದತ್ತ ಇದೇ ಬಾದಾಮಿಯನ್ನು ನೆನೆಸಿ ಸಿಪ್ಪೆ ತೆಗೆಯುತ್ತ ಬಂದಿದ್ದ. ಚಿತ್ರಾ ಪಕ್ಕದ ಕುರ್ಚಿಯಲ್ಲಿ ಕೂತು ಕೇಳುತ್ತ ಬಂದಿದ್ದಳು. ಮನೆಯಲ್ಲಿ ಬಾದಾಮಿ ಡಬ್ಬಿ ಕೋವಿಡ್ ಕಾಲದಲ್ಲಿ ತಂದದ್ದು ಹಾಗೇ ಇತ್ತು. ಅವಳು ಗಂಡನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗುರುದತ್ತನ ತುಪ್ಪದ ಕೈ ತಾನಾಗಿ ಎದೆಯ ಮೇಲೆ ಹೋಗಿ, ಬಿಳಿ ಜುಬ್ಬಾದ ಮೇಲೆ ಐದು ಬೆರಳಿನ ಗುರುತು ಮೂಡಿಸಿತು. ಅದನ್ನು ಇಡೀ ಪಂಕ್ತಿ ನೋಡಿತು. ಚಿತ್ರಾ ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು. ಮೆಲ್ಲನೆ, "ಎಷ್ಟು ಮುಚ್ಚಿದೆ ಅಂದ್ಯಮ್ಮ?" ಎಂದು ಜ್ಯೋತ್ಸ್ನಾಳನ್ನು ಕೇಳಿದಳು. ಆ ಹುಡುಗಿಗೆ ಈಗ ಎಲ್ಲ ಹೊಳೆದು ಮುಖ ಬಿಳಿಚಿತು. "ಮುಕ್ಕಾಲು, ಆಂಟಿ," ಎಂದಳು, ತಾನೇ ಹೋಗಿ ಮುಚ್ಚಿ ಬಂದವಳಂತೆ.

ಬದರಿನಾಥರು ಎಡಗೈಯಲ್ಲಿ ಗುರುದತ್ತನ ಮಣಿಕಟ್ಟು ಹಿಡಿದಾಗಿತ್ತು. "ಈಗ ನೋವಿದ್ಯಾ?" "ಇಲ್ಲ ಅಂಕಲ್." "ಯಾವಾಗ ಇತ್ತು?" "ಪಾಲೆನ್ ಇದ್ದಾಗ..." "ಗುರುದತ್ತ." "ಏರು ಹತ್ತೋವಾಗ. ಒಂದೆರಡು ವಾರದಿಂದ." ಅವರು ಎದ್ದು ಕೈ ತೊಳೆದು, ಅಗಿಯಲು ಒಂದು ಆಸ್ಪಿರಿನ್ ಕೊಟ್ಟು, ಆಸ್ಪತ್ರೆಯಲ್ಲಿದ್ದ ತಮ್ಮ ಹಳೆಯ ಶಿಷ್ಯನಿಗೆ ಫೋನ್ ಹಚ್ಚಿದರು. ಹಬ್ಬದ ದಿನ ಅವರು ಡಾಕ್ಟರಾದದ್ದನ್ನು ವಸಂತಾ ಆಂಟಿ ಮೊದಲ ಸಲ ನೋಡುತ್ತಿದ್ದರು. ಕೈಯಲ್ಲಿದ್ದ ಮೈಸೂರು ಪಾಕಿನ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡರು. ಇಷ್ಟಾದರೂ ಗುರುದತ್ತ ಸೋಲಲಿಲ್ಲ. "ಚಿತ್ರಾ, ಸ್ಕ್ಯಾನ್ ತಪ್ಪು ಕಣೇ. ಮಾಡೆಲ್ ಪ್ರಕಾರ ನಂಗೇನೂ ಆಗಿಲ್ಲ," ಎಂದ. ಚಿತ್ರಾ ಜ್ಯೋತ್ಸ್ನಾಳ ಕಡೆ ತಿರುಗಿ, "ಹಾಗಾದ್ರೆ ಆ ಮಾಡೆಲ್‌ಗೆ ಒಂದ್ಸಲ ನಿಜ ಹೇಳಿ ನೋಡೋಣ. ಅಂಕಲ್ ಫೋನ್ ಮುಗ್ಸೋದ್ರೊಳಗೆ ಆಗುತ್ತೇನಮ್ಮ?" ಎಂದಳು. ಲ್ಯಾಪ್‌ಟಾಪು ಬ್ಯಾಗಿನಲ್ಲೇ ಇತ್ತು. ಪೋಸ್ಟ್‌ಡಾಕ್‌ಗಳು ಹಬ್ಬಕ್ಕೂ ಅದನ್ನು ಬಿಟ್ಟು ಬರುವುದಿಲ್ಲ.

"ವಾಕಿಂಗ್, ಆಂಟಿ?" "ಮೇಲ್‌ಬಾಕ್ಸ್ ತನಕ. ಅದೂ ಪಾರ್ಸೆಲ್ ಬಂದಿದ್ರೆ." "ತುಪ್ಪ?" ಚಿತ್ರಾ ಗಂಡನ ಜುಬ್ಬಾ ತೋರಿಸಿದಳು. "ಟೆನ್ಷನ್?" "ನಿದ್ದೇಲಿ ಹಲ್ಲು ಕಡೀತಾರೆ. ನಿಮ್ಮ ಪೇಪರ್ ಹೆಸರು ಹೇಳ್ಕೊಂಡು." "ರೆಸ್ಟೋರೆಂಟ್..." "ಆಫೀಸ್ ಪಕ್ಕದ್ ದೋಸೆ ಅಂಗಡಿಯವನು ಇವರ ಹುಟ್ಟಿದಹಬ್ಬಕ್ಕೆ ಮೆಸೇಜ್ ಕಳಿಸ್ತಾನೆ, ನೀನೇ ಲೆಕ್ಕ ಹಾಕ್ಕೋ. ಊರೋರ್ ಹಾರ್ಟ್ ಬಗ್ಗೆ ಭಾಷಣ ಮಾಡ್ತಾರಲ್ಲ, ಪುರಾಣ ಹೇಳೋದಕ್ಕೆ, ಬದನೇಕಾಯಿ ತಿನ್ನೋದಕ್ಕೆ." ಒಂದೊಂದು ಉತ್ತರಕ್ಕೂ ಗುರುದತ್ತ ಪಂಕ್ತಿಯೆದುರು ಬಟ್ಟೆ ಬಿಚ್ಚುತ್ತಿರುವಂತೆ ಕುಗ್ಗಿದ. ಹಾಗಿದ್ದೂ ಅವನ ಕಣ್ಣು ಜ್ಯೋತ್ಸ್ನಾಳ ಬೆರಳುಗಳ ಮೇಲೇ ಇತ್ತು. ವಾಕಿಂಗ್ ಕಡಿಮೆ ಮಾಡಿದಾಗ ಚುಕ್ಕಿ ಸ್ವಲ್ಪ ಅಲುಗಿತು, ತುಪ್ಪಕ್ಕೆ ಇನ್ನಷ್ಟು. ಗೆರೆ ಇನ್ನೂ ದೂರವಿತ್ತು. "ಫ್ಯಾಮಿಲಿ ಹಿಸ್ಟರಿ ನಿಲ್ ಅಂತಿದೆ," ಎಂದಳು ಜ್ಯೋತ್ಸ್ನಾ. "ಅದು ನಿಜಾನೇ," ಎಂದ ಗುರುದತ್ತ, ಒಂದಾದರೂ ನಿಜ ಉಳಿದದ್ದಕ್ಕೆ ತಲೆಯೆತ್ತಿ, "ಅಪ್ಪ, ತಾತ, ಚಿಕ್ಕಪ್ಪ, ಯಾರಿಗೂ ಹಾರ್ಟ್ ಪ್ರಾಬ್ಲಂ ಇರ್ಲಿಲ್ಲ. ಮೂರೂ ಜನ ಗ್ಯಾಸಿಂದ ಹೋದ್ರು." ಫೋನಿನಲ್ಲಿದ್ದ ಬದರಿನಾಥರು ಅತ್ತ ಕಡೆಯವನಿಗೆ ಒಂದು ನಿಮಿಷ ಎಂದರು. "ಗ್ಯಾಸಿಂದ ಯಾರೂ ಸಾಯಲ್ಲಪ್ಪ," ಎಂದರು, ಬಹಳ ಮೃದುವಾಗಿ, ಆ ಛತ್ರದ ಬಾಗಿಲಲ್ಲಿ ನಿಂತು ಸೋಡಾ ಹಿಡಿದ ಹುಡುಗನಿಗೇ ಹೇಳುವಂತೆ.

ಜ್ಯೋತ್ಸ್ನಾ ಅಳುಕುತ್ತ ಆ ಸಾಲನ್ನು ಬದಲಿಸಿ ಬೆರಳೊತ್ತಿದಳು. ಪರದೆಯ ಮೇಲಿನ ಚುಕ್ಕಿ ಮಾಯವಾಗಿ, ಒಂದು ಕ್ಷಣ ಎಲ್ಲೂ ಇಲ್ಲದಂತಾಗಿ, ಮತ್ತೆ ಮೂಡಿತು. ಗೆರೆಯ ಮೇಲೆ, ಬೇರೆ ಚುಕ್ಕಿಗಳ ನಡುವೆ, ಹುಟ್ಟಿದಂದಿನಿಂದ ಅಲ್ಲೇ ಕೂತಂತೆ ಕೂತಿತ್ತು. "ಕೂತ್ಕೊಳ್ತು," ಎಂದ ಗುರುದತ್ತ. ಸಂತೋಷ ಹೊಟ್ಟೆಯ ಆಳದಿಂದ ಎದ್ದು ಬಂತು. ತಡೆಯಲಾಗದೆ ಗಟ್ಟಿಯಾಗಿ ನಕ್ಕ. "ಮಾಡೆಲ್ ಸರಿಯಾಗೇ ಇದೆ ಜ್ಯೋತ್ಸ್ನಾ, ಸರಿಯಾಗೇ ಇದೆ. ಇನ್‌ಪುಟ್ಟೇ ಸುಳ್ಳು." ಅವನೊಬ್ಬನೇ ನಗುತ್ತಿದ್ದ. ಎದುರಿಗೆ ಚಿತ್ರಾ, ಸಾರಿನ ಕೈ ಒಣಗುತ್ತಿದ್ದರೂ ತೊಳೆಯದೆ, ಅಳುವೂ ಅಲ್ಲದ ಕೋಪವೂ ಅಲ್ಲದ ಮುಖ ಹೊತ್ತು ನಿಂತಿದ್ದಳು. ಅವಳನ್ನು ನೋಡಿದ ಮೇಲೆಯೇ ತಾನು ಗೆದ್ದದ್ದು ಏನನ್ನು ಎಂದು ಅವನಿಗೆ ತಿಳಿದದ್ದು. ಮಾಡೆಲ್ ಸರಿ, ಸ್ಕ್ಯಾನೂ ಸರಿ. ಅಪ್ಪನಿಗೆ ಆಗಿದ್ದು ಗ್ಯಾಸಲ್ಲ. ಅವನಿಗೆ ಭಯವಾಯಿತು, ಚಿಕ್ಕ ಮಕ್ಕಳಿಗೆ ಆಗುವಂಥ ಶುದ್ಧ ಭಯ, ಮತ್ತು ಅಷ್ಟು ಜನರೆದುರು, "ಚಿತ್ರಾ, ನಂಗೆ ಹೆದರಿಕೆ ಆಗ್ತಿದೆ," ಎಂದುಬಿಟ್ಟ.

ಚಿತ್ರಾ ಕಾರನ್ನು ಏರಿನ ಮೇಲಕ್ಕೇ ತಂದು ನಿಲ್ಲಿಸಿದಳು. ಅವನನ್ನು ಎರಡು ಕಡೆ ಹಿಡಿದು ಕೂರಿಸಿದರು; ನಡೆಯಬಲ್ಲೆ ಎಂದು ಅವನು ಹೇಳಿದ್ದನ್ನು ಈಗ ಯಾರೂ ನಂಬುವಂತಿರಲಿಲ್ಲ. ಬದರಿನಾಥರು ಪಂಚೆಯ ಮೇಲೇ ಸ್ವೆಟರ್ ಹಾಕಿಕೊಂಡು, ಬಿಳಿ ಟೆನಿಸ್ ಶೂಸ್ ಮೆಟ್ಟಿ ಹಿಂದಿನ ಸೀಟಿಗೆ ಹತ್ತಿದರು. ವಸಂತಾ ಆಂಟಿ ಓಡಿ ಬಂದು ಕಿಟಕಿಯಲ್ಲಿ ಒಂದು ಡಬ್ಬಿ ತೂರಿಸಿದರು. ಅಭ್ಯಾಸಬಲ, ಊಟದ ಮಧ್ಯೆ ಎದ್ದು ಹೋಗುವವರನ್ನು ಬರಿಗೈಯಲ್ಲಿ ಕಳಿಸಿ ಅವರಿಗೆ ಗೊತ್ತಿಲ್ಲ. ಚಿತ್ರಾ ಮುಚ್ಚಳ ತೆಗೆದು ನೋಡಿ, ಮೈಸೂರು ಪಾಕನ್ನು ಹಾಗೇ ವಾಪಸು ಕೊಟ್ಟು, "ಬೇಡ ಆಂಟಿ," ಎಂದಳು. ಆ ಬೇಡವನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಹೊರಡುವಾಗ ಜ್ಯೋತ್ಸ್ನಾ ರಂಗೋಲಿಯ ಪಕ್ಕದಿಂದ ಬಂದು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಕೇಳಲೋ ಬೇಡವೋ ಎಂಬಂತೆ ನಿಂತಳು. "ಸರ್, ಪೇಪರಲ್ಲಿ... ಆ ಸಬ್ಜೆಕ್ಟ್‌ನ ಏನ್ ಮಾಡ್ಲಿ?" ವೈಪರ್ ಹಾಕಿದ್ದಳು ಚಿತ್ರಾ, ಹಳದಿ ಪುಡಿ ಎರಡು ಕಡೆ ಸರಿದು ರಸ್ತೆ ಕಾಣತೊಡಗಿತ್ತು. ಗುರುದತ್ತ ಹುಡುಗಿಯನ್ನು ನೋಡಿದ, ಆಮೇಲೆ ಸ್ಟಿಯರಿಂಗ್ ಮೇಲಿದ್ದ, ಸಾರು ಒಣಗಿದ್ದ ಹೆಂಡತಿಯ ಕೈಯನ್ನು ನೋಡಿದ. "ತೆಗೀಬೇಡಮ್ಮ," ಎಂದ. ಕಣ್ಣೊರೆಸಿಕೊಂಡ, ಪಾಲೆನ್ ಎನ್ನಲಿಲ್ಲ. "ಅವನೂ ಇರ್ಲಿ."

"ಮೊದ್ಲು ಸೀಟ್‌ಬೆಲ್ಟ್ ಹಾಕ್ಕೊಳ್ಳಿ," ಎಂದಳು ಚಿತ್ರಾ.